ಹಾಜಿ ಅಬು ನಾಯೆಫರ ಎಡಗೆನ್ನೆಯ ಪ್ರಕರಣ

ಈದ್ ಹಬ್ಬದ ಮೊದಲ ದಿನ ಬೆಳಿಗ್ಗೆ ಒಂಬತ್ತೂ ಕಾಲಿಗೆ, ಸಲ್ತ್ ಪಟ್ಟಣದ ಜರ್ಮೂಕಿ ಕುಟುಂಬ ಸಂಘದ ಸಭಾಂಗಣದಲ್ಲಿ, ತೊಂಬತ್ತಮೂರು ಜನರ ಕಣ್ಣೆದುರು ಒಂದು ಅನ್ಯಾಯ ನಡೆಯಿತು. ಎರಡು ವರ್ಷ ಎರಡು ತಿಂಗಳ ತೋಲೀನ್ ಎಂಬ ಹೆಣ್ಣುಮಗುವನ್ನು, ಒಂದು ಮಾತೂ ಕೇಳದೆ, ತಾಯಿ ರುಬಾಳ ತೋಳಿನಿಂದ ಎತ್ತಿಕೊಂಡು, ಸಂಘದ ಅಧ್ಯಕ್ಷ ಹಾಜಿ ಅಬು ನಾಯೆಫರ ಎಡಗೆನ್ನೆಗೆ ಹಿಡಿಯಲಾಯಿತು. ಮಗು "ಬೇಡ" ಎಂದಿತು. ತಪ್ಪು ಯಾರದು ಎಂಬ ಪ್ರಶ್ನೆ ಬಂದಾಗ ತೊಂಬತ್ತಮೂರು ಜನವೂ ಮಗುವಿನ ಕಡೆ ಬೆರಳು ತೋರಿಸಿದರು.

ಸಂಘದ ಕಾರ್ಯದರ್ಶಿ ಮುನೀಬ್ ಮೇಷ್ಟ್ರು ಮೂವತ್ತನಾಲ್ಕು ವರ್ಷ ಭೂದಾಖಲೆ ಕಚೇರಿಯಲ್ಲಿದ್ದವರು. ಬರೆದಿಡದ ಘಟನೆ ನಡೆದೇ ಇಲ್ಲ ಎಂಬುದು ಅವರ ನಂಬಿಕೆ. ಜೇಬಿನಿಂದ ಪೆನ್ನು ತೆಗೆದು ಹಬ್ಬದ ಭೇಟಿ ಪುಸ್ತಕದಲ್ಲಿ ಬರೆದರು: "ಮುತ್ತು: ನಿರಾಕರಿಸಲಾಗಿದೆ. ಕಾರಣ: ತಿಳಿಸಿಲ್ಲ."

ಕಾರಣ ರುಬಾಳಿಗೆ ಗೊತ್ತಿತ್ತು. ಹಾಜಿಯವರ ಮೀಸೆ ಚುಚ್ಚುತ್ತದೆ. ಆರು ವರ್ಷದಿಂದ, ವರ್ಷಕ್ಕೆ ಎರಡು ಹಬ್ಬದಂತೆ, ಆ ಮೀಸೆಯ ಪಕ್ಕದಲ್ಲಿ ಅವಳೂ ತುಟಿಯಿಟ್ಟಿದ್ದಳು. ಯಾರೂ ಅವಳನ್ನು ಕೇಳಿರಲಿಲ್ಲ. ಅವಳೂ ಹೇಳಿರಲಿಲ್ಲ. ಔಷಧಿ ಅಂಗಡಿಯ ಕೆಲಸ ಬಿಡು ಎಂದಾಗ "ಸರಿ" ಎಂದವಳು, ಅತ್ತೆಯ ಹನ್ನೊಂದು ರಜಾಯಿಗಳನ್ನು ತನ್ನ ಕೋಣೆಯಲ್ಲೇ ಪೇರಿಸಿದಾಗಲೂ "ಸರಿ" ಎಂದವಳು. ತೋಲೀನಳಿಗೆ ಬರುತ್ತಿದ್ದುದು ನಾಲ್ಕೇ ಮಾತು: ಹಾಲು, ಬೆಕ್ಕು, ಇನ್ನೊಂದು, ಬೇಡ. ನಾಲ್ಕನೆಯದು ಎಲ್ಲಿಂದ ಬಂತೆಂದು ರುಬಾಳಿಗೆ ತಿಳಿಯಲಿಲ್ಲ. ಆದರೆ ಅದು ಮಗಳ ಬಾಯಲ್ಲೇ ಉಳಿಯಬೇಕು ಎಂದು ಅವಳಿಗೆ ಅವತ್ತು ತುಂಬ ಆಸೆಯಾಯಿತು.

ಮಧ್ಯಾಹ್ನದ ಹೊತ್ತಿಗೆ ಪ್ರಕಟಣೆ ಹೊರಬಿತ್ತು.

"ಕುಮಾರಿ ತೋಲೀನ್, ತಂದೆ ಘಸ್ಸಾನ್, ವಯಸ್ಸು ಎರಡು, ವೃತ್ತಿ ಇಲ್ಲ, ಇವರು ಸಂಘದ ನಿಯಮಾವಳಿಯ ಹದಿನಾಲ್ಕನೆಯ ಕಲಮನ್ನು ಉಲ್ಲಂಘಿಸಿರುವುದು ಕಂಡುಬಂದಿದೆ. ಹಿರಿಯರಿಗೆ ಮುತ್ತಿಡುವುದರಿಂದ ವಿನಾಯಿತಿ ಇರುವುದು ಮೃತರಿಗೆ, ಪ್ರಯಾಣದಲ್ಲಿರುವವರಿಗೆ ಹಾಗೂ ಬಾಯಿಹುಣ್ಣು ಆದವರಿಗೆ ಮಾತ್ರ. ಸದರಿಯವರು ಈ ಮೂರು ವರ್ಗಗಳಲ್ಲಿ ಯಾವುದಕ್ಕೂ ಸೇರಿದವರಲ್ಲ. ಕೂಡಲೇ ಲಿಖಿತ ವಿವರಣೆ ಸಲ್ಲಿಸತಕ್ಕದ್ದು."

ಮುನೀಬ್ ಮೇಷ್ಟ್ರು ನೋಟಿಸನ್ನು ಖುದ್ದಾಗಿ ತಂದು ಮಗುವಿನ ಕೈಗೇ ಕೊಟ್ಟರು. ಮಗು ಅದರ ಮೂಲೆಯನ್ನು ಕಚ್ಚಿ ನುಂಗಿತು. ಮೇಷ್ಟ್ರು ನಕಲು ಪ್ರತಿಯ ಮೇಲೆ "ಸ್ವೀಕರಿಸಲಾಗಿದೆ" ಎಂದು ಬರೆದುಕೊಂಡರು. ಉಳಿದ ಭಾಗದ ಮೇಲೆ ತೋಲೀನ್ ಹಸಿರು ಬಣ್ಣದ ಕಡ್ಡಿಯಿಂದ ಗೀಚಿದಳು. ಅದನ್ನು ಕಡತಕ್ಕೆ ಸೇರಿಸಿ ಟಿಪ್ಪಣಿ ಬರೆಯಲಾಯಿತು: "ವಿವರಣೆ ಅಸ್ಪಷ್ಟ. ಧಾಟಿ ಉದ್ಧಟ."

"ಅಲ್ಲ ಮೇಷ್ಟ್ರೇ, ಅದು ಮಗು ಕಣ್ರೀ," ಎಂದ ಘಸ್ಸಾನ್. ಒಳ್ಳೆಯವನು, ಆದರೆ ದೊಡ್ಡಪ್ಪ ಹಾಜಿಯವರ ಹೆಸರು ಕೇಳಿದರೆ ಎದ್ದು ನಿಲ್ಲುವವನು. ಈ ಮಾತನ್ನೂ ನಿಂತೇ ಹೇಳಿದ.

"ಇವತ್ತು ಮಗು ಅಂತ ಬಿಟ್ರೆ, ನಾಳೆ ಮೂರು ವರ್ಷದವರೂ ಶುರು ಮಾಡ್ಕೋತಾರೆ," ಎಂದರು ಮೇಷ್ಟ್ರು.

ನಮ್ಮಲ್ಲಿ ಕೊಲೆಯಾದಾಗ ಎರಡೂ ಕಡೆಯವರ ರಕ್ತ ತಣ್ಣಗಾಗಲೆಂದು ಕೊಡುವ ಗಡುವು ಮೂರು ದಿನ ಮತ್ತು ಒಂದು ದಿನದ ಮೂರನೇ ಒಂದು ಪಾಲು. ತೋಲೀನಳಿಗೂ ಅದನ್ನೇ ಮಂಜೂರು ಮಾಡಲಾಯಿತು. ಈ ಅವಧಿಯಲ್ಲಿ ಎರಡೂ ಪಕ್ಷದವರು ಪರಸ್ಪರರ ಬೀದಿಯಲ್ಲಿ ಓಡಾಡುವಂತಿಲ್ಲ. ಮಗುವಿನ ತಳ್ಳುಗಾಡಿಯಲ್ಲೂ.

ಅತ್ತೆ ಉಮ್ ಘಸ್ಸಾನ್ ತರಬೇತಿ ಆರಂಭಿಸಿದರು. ಹಾಜಿಯವರ ಫೋಟೋವನ್ನು ಫ್ರಿಜ್ಜಿಗೆ ಅಂಟಿಸಿ, ಕೈಯಲ್ಲಿ ಖರ್ಜೂರ ತುಂಬಿದ, ‘ಮಾಮೂಲ್’ ಎಂಬ ಹಬ್ಬದ ಬಿಸ್ಕತ್ತು ಹಿಡಿದು ಕೂತರು.

"ನನ್ನ ಕಣ್ಣೇ, ನನ್ನ ಪ್ರಾಣವೇ, ಅಜ್ಜಂಗೊಂದು ಮುತ್ತು ಕೊಡು, ಇದು ನಿಂಗೆ."

ತೋಲೀನ್ ಬಿಸ್ಕತ್ತು ತಿಂದಳು. "ಇನ್ನೊಂದು" ಎಂದಳು. ಅದನ್ನೂ ತಿಂದಳು. ಆಮೇಲೆ ಫ್ರಿಜ್ಜಿಗೆ ಮುತ್ತು ಕೊಟ್ಟಳು. ಎರಡು ದಿನದಲ್ಲಿ ಅವಳು ಕಲ್ಲಂಗಡಿ, ಕಸದ ಡಬ್ಬಿ, ಪಕ್ಕದ ಮನೆಯ ಬೆಕ್ಕು ಹಾಗೂ ಅಪ್ಪನ ಎಡಗಾಲಿನ ಬೂಟಿಗೆ ಮುತ್ತು ಕೊಟ್ಟಳು. ಈ ಮುತ್ತುಗಳನ್ನು ಹಾಜಿಯವರ ಲೆಕ್ಕಕ್ಕೆ ವರ್ಗಾಯಿಸಬಹುದೇ ಎಂದು ಘಸ್ಸಾನ್ ಸಂಘವನ್ನು ಕೇಳಿದ್ದಕ್ಕೆ, ಅಂಥ ಅವಕಾಶವಿಲ್ಲ ಎಂದು ಉತ್ತರ ಬಂತು.

"ನಿನ್ನ ತವರಲ್ಲಿ ಹಿರಿಯರಿಗೆ ಮುತ್ತು ಕೊಡೋದು ಕಲಿಸಿಲ್ವೇನೇ?" ಎಂದರು ಅತ್ತೆ.

"ಕಲಿಸಿದ್ರು ಅತ್ತೆ. ಅದೊಂದೇ ಕಲಿಸಿದ್ರು."

ಹಬ್ಬ ಮುಗಿದ ಮರುದಿನ ಸಂಜೆ ಐದೂ ಕಾಲಿಗೆ, ಗಡುವು ತೀರಿದ ನಿಮಿಷಕ್ಕೇ, ಇಪ್ಪತ್ತೇಳು ಗಣ್ಯರ ನಿಯೋಗ ನೂರ ಹನ್ನೆರಡು ಮೆಟ್ಟಿಲು ಹತ್ತಿ ಘಸ್ಸಾನನ ಮನೆಗೆ ಬಂತು. ಹೆಣ್ಣು ಕೇಳುವಾಗ, ರಕ್ತದ ಜಗಳ ಬಿಡಿಸುವಾಗ ಬರುವ ನಿಯೋಗವೇ ಇದು. ಇಸ್ತ್ರಿ ಮಾಡಿದ ತಲೆವಸ್ತ್ರ, ಕಪ್ಪು ನಿಲುವಂಗಿ, ಎಲ್ಲರ ಮುಂದೆ ಹಾಜಿ. ಬಂದವರಿಗೆ ಮನೆಯವರು ಕಹಿ ಕಾಫಿ ಕೊಡಬೇಕು. ಬಂದವರು ಅದನ್ನು ಕುಡಿಯದೆ ಕೆಳಗಿಡಬೇಕು. ಕೇಳಿದ್ದು ಸಿಕ್ಕಿತು ಎಂಬ ಮಾತು ಬಂದ ಮೇಲೆಯೇ ಕುಡಿಯಬೇಕು. ಕುಡಿಯದೆ ಎದ್ದು ಹೋದರೆ ಎರಡೂ ಕಡೆಯ ಮಾನ ಹೋಗುತ್ತದೆ. ಮನೆಯಲ್ಲಿ ಇಪ್ಪತ್ತೇಳು ಬಟ್ಟಲು ಇಲ್ಲದ್ದರಿಂದ, ಆರೋಪಿಯ ಕುಟುಂಬಕ್ಕೆ ಸಂಘವೇ ರಸೀದಿ ಬರೆಸಿಕೊಂಡು ಬಟ್ಟಲು ಎರವಲು ಕೊಟ್ಟಿತ್ತು.

ಮಾತು ಕೊಡಬೇಕಾದವಳು ಎತ್ತರದ ಊಟದ ಕುರ್ಚಿಯಲ್ಲಿ ಕೂತು ಸೌತೆಕಾಯಿ ಜಗಿಯುತ್ತಿದ್ದಳು. ಮುನೀಬ್ ಮೇಷ್ಟ್ರು ಎದ್ದು ನಿಂತರು.

"ಉದಾರ ವಂಶದ ಕುಡಿಯೇ, ನಿನ್ನ ಅಂಗಳಕ್ಕೆ ನಾವು ಕೈಚಾಚಿ ಬಂದಿದ್ದೇವೆ. ಹಾಜಿಯವರ ಎಡಗೆನ್ನೆಗೆ ಒಂದು ಮುತ್ತನ್ನು ಬೇಡುತ್ತಿದ್ದೇವೆ. ನೀನು ಕೊಡುವ ತನಕ ಈ ಕಾಫಿ ನಮಗೆ ನಿಷಿದ್ಧ."

ಇಪ್ಪತ್ತೇಳು ಬಟ್ಟಲು ಒಟ್ಟಿಗೆ ನೆಲ ಮುಟ್ಟಿದವು.

"ಬೇಡ," ಎಂದಳು ತೋಲೀನ್. ಆಮೇಲೆ ಕಣ್ಣುಜ್ಜಿದಳು. ಹಬ್ಬದ ಗದ್ದಲದಲ್ಲಿ ನಾಲ್ಕು ದಿನದಿಂದ ಅವಳ ನಿದ್ದೆಗೆ ಹೊತ್ತುಗೊತ್ತು ಇರಲಿಲ್ಲ. ಕುರ್ಚಿಯಲ್ಲೇ ನಿದ್ದೆ ಹೋದಳು.

ನಿಯೋಗಕ್ಕೆ ಏಳುವಂತಿಲ್ಲ, ಕುಡಿಯುವಂತಿಲ್ಲ, ಮಗು ಎದ್ದೀತೆಂದು ಮಾತಾಡುವಂತಿಲ್ಲ. ಇಪ್ಪತ್ತೇಳು ಗಣ್ಯರು ಒಂದು ಗಂಟೆ ಹತ್ತು ನಿಮಿಷ ಬಾಯಿಮುಚ್ಚಿ ಕೂತರು. ಆ ಮನೆತನದ ಇತಿಹಾಸದಲ್ಲಿ ಇದು ಮೊದಲನೆಯ ಸಲ. ಒಬ್ಬರು ಕೆಮ್ಮಿದ್ದಕ್ಕೆ ರುಬಾ ತುಟಿಯ ಮೇಲೆ ಬೆರಳಿಟ್ಟಳು. ಅವರು ಕ್ಷಮೆ ಕೇಳಿದರು.

ಎಚ್ಚರವಾದಾಗ ತೋಲೀನ್ ಇಪ್ಪತ್ತೇಳು ಮೀಸೆಗಳನ್ನು ಒಂದೊಂದಾಗಿ ನೋಡಿದಳು. ಮತ್ತೆ "ಬೇಡ" ಎಂದಳು.

"ಅಯ್ಯೋ, ಇಷ್ಟೆಲ್ಲ ಯಾಕೆ?" ಪಿಸುಗುಟ್ಟಿದರು ಅತ್ತೆ. "ನೀನು ಹಿಂದಿನಿಂದ ಅವಳ ತಲೆ ಒಂಚೂರು ಒತ್ತು ರುಬಾ. ತುಟಿ ತಾಗಿದ್ರೆ ಆಯ್ತು. ನಿಂಗೂ ಹಾಗೇ ಮಾಡಿದ್ದು, ಮೊದಲನೇ ಸಲ."

ಹಾಜಿ ಕೆನ್ನೆ ಮುಂದೆ ಚಾಚಿದರು. "ಹೂಂ, ತಾಯಿ, ನೀನೇ ಮುಗಿಸಿಬಿಡು. ನೀನು ಯಾವತ್ತೂ ಇಲ್ಲ ಅಂದವಳಲ್ಲ."

ರುಬಾ ಮಗಳ ತಲೆಯ ಹಿಂದೆ ಅಂಗೈ ಇಟ್ಟಳು. ತಲೆ ಬಿಸಿಯಾಗಿತ್ತು, ಬೆವರಿತ್ತು, ಒಂದು ಕರಬೂಜ ಹಣ್ಣಿನಷ್ಟೇ ದೊಡ್ಡದಾಗಿತ್ತು. ಒತ್ತಿದರೆ ಸಾಕಿತ್ತು. ತೋಲೀನ್ ಕತ್ತು ತಿರುಗಿಸಿ ಅಮ್ಮನ ಮುಖ ನೋಡಿದಳು.

"ಬೇಡ," ಎಂದಳು ರುಬಾ.

ಘಸ್ಸಾನ್ ಎದ್ದು ನಿಂತ. ಯಾಕೆಂದು ಅವನಿಗೂ ತಿಳಿಯಲಿಲ್ಲ.

"ಏನಂದೆ?" ಎಂದರು ಹಾಜಿ.

"ಬೇಡ ಅಂದೆ, ಹಾಜಿ ಮಾವ. ಅವಳಿಗೂ ಬೇಡ, ನನಗೂ ಬೇಡ. ನಿಮ್ಮ ಮೀಸೆ ಚುಚ್ಚುತ್ತೆ."

ಹಾಜಿ ಮೀಸೆ ಮುಟ್ಟಿ ನೋಡಿಕೊಂಡರು. ಮುನೀಬ್ ಮೇಷ್ಟ್ರು ನಿಯಮಾವಳಿ ಬಿಡಿಸಿದರು. ಬೆವರೊರೆಸಿಕೊಂಡು ಇಪ್ಪತ್ತೊಂದನೆಯ ಕಲಮು ಓದಿದರು: ಒಂದೇ ಮನೆಯ ಎರಡು ತಲೆಮಾರಿನವರು ಒಂದೇ ನಡವಳಿಕೆಯನ್ನು ಪಾಲಿಸಿದಲ್ಲಿ ಅದನ್ನು ಕುಟುಂಬದ ಸಂಪ್ರದಾಯವೆಂದು ಪರಿಗಣಿಸತಕ್ಕದ್ದು.

"ಅಂದ್ರೆ?" ಎಂದರು ಹಾಜಿ. ಗಂಟಲು ಒಣಗಿ ಹೋಗಿತ್ತು.

"ಅಂದ್ರೆ, ಬೇಡ ಅನ್ನೋದು ಸಂಪ್ರದಾಯ, ಹಾಜಿ. ಮೊದಲಿಂದಲೂ ನಡೆದು ಬಂದಿದೆ. ಇವತ್ತು ಸಂಜೆ ಆರೂ ನಲವತ್ತರಿಂದ."

"ಹಾಗೆ ಮೊದಲೇ ಹೇಳ್ಬಾರ್ದಾ ಮಾರಾಯ," ಎಂದು ಹಾಜಿ ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದರು. ಇಪ್ಪತ್ತಾರು ಜನ ಅವರನ್ನು ಅನುಸರಿಸಿದರು. ಮೆಟ್ಟಿಲಿಳಿಯುವಾಗ ಎಲ್ಲರೂ ಸಂಪ್ರದಾಯ ಉಳಿಯಿತೆಂದು ಒಬ್ಬರನ್ನೊಬ್ಬರು ಅಭಿನಂದಿಸಿದರು.

ಎರಡು ತಿಂಗಳು ಆರು ದಿನ ಕಳೆದು ಬಕ್ರೀದ್ ಬಂತು. ಹದಿನಾಲ್ಕನೆಯ ಕಲಮನ್ನು ಅಷ್ಟರಲ್ಲಿ ತಿದ್ದಲಾಗಿತ್ತು: ಐದು ವರ್ಷದೊಳಗಿನ ಎಲ್ಲ ಮಕ್ಕಳೂ ಅಧ್ಯಕ್ಷರ ಮುಂದೆ ಬಂದು, ಸ್ಪಷ್ಟವಾಗಿ ಕೇಳುವಂತೆ, ಒಂದು ಸಲ "ಬೇಡ" ಎನ್ನತಕ್ಕದ್ದು. ಹೊಸ ಬಟ್ಟೆ ತೊಟ್ಟ ಹದಿನೇಳು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಹೆಗಲು ಹಿಡಿದು ಮುಂದೆ ತಳ್ಳಲಾಯಿತು. ಹದಿನಾರು ಮಕ್ಕಳು ಬೇಡ ಎಂದವು. ಇಬ್ಬರು ಅಳುತ್ತಾ ಹೇಳಿದರು. ಅದನ್ನೂ ಮಾನ್ಯ ಮಾಡಲಾಯಿತು.

ಹದಿನೇಳನೆಯವಳು ತೋಲೀನ್. ಹಾಜಿ ಯಾರಿಗೂ ಹೇಳದೆ ಮೀಸೆ ಬೋಳಿಸಿಕೊಂಡಿದ್ದರು. ಅವಳು ಹೊಸ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಯಾರೂ ತಳ್ಳುವ ಮೊದಲೇ ಅವರ ಮೊಣಕಾಲು ಹತ್ತಿ, ಎಡಗೆನ್ನೆಗೆ ದೊಡ್ಡದೊಂದು ಒದ್ದೆ ಮುತ್ತು ಕೊಟ್ಟಳು. "ಇನ್ನೊಂದು" ಎಂದು ಬಲಗೆನ್ನೆಗೂ ಕೊಟ್ಟಳು. ಹಾಜಿಯ ಕಣ್ಣು ತುಂಬಿ ಬಂತು.

ಮುನೀಬ್ ಮೇಷ್ಟ್ರು ಪೆನ್ನು ತೆಗೆದು ಬರೆದರು: "ಬೇಡ: ನಿರಾಕರಿಸಲಾಗಿದೆ. ಕಾರಣ: ತಿಳಿಸಿಲ್ಲ."

ಮೂರು ದಿನ ಮತ್ತು ಒಂದು ದಿನದ ಮೂರನೇ ಒಂದು ಪಾಲಿನ ಗಡುವು ಈಗ ನಡೆಯುತ್ತಿದೆ. ಬಟ್ಟಲುಗಳು ಘಸ್ಸಾನನ ಮನೆ ತಲುಪಿವೆ. ನಿಯೋಗಕ್ಕೆ ಹೆಸರು ಕೊಟ್ಟವರು ಈ ಸಲ ನಲವತ್ತು ಜನ. ಮೊದಲ ಹೆಸರು ಹಾಜಿಯವರದು. ಇದರಲ್ಲಿ ವಿಚಿತ್ರವೇನೂ ಯಾರಿಗೂ ಕಂಡಿಲ್ಲ.

ಓದುವವರೇ, ನಗಬೇಡಿ. ನಿಮ್ಮ ಮನೆಗೂ ಹಬ್ಬ ಬರುತ್ತದೆ. ಈ ಹೊತ್ತಿನಲ್ಲಿ ಯಾರದೋ ಮಗುವನ್ನು ಯಾರದೋ ಕೆನ್ನೆಗೆ ಹಿಡಿದುಕೊಂಡು ನಿಂತಿದ್ದರೆ, ಮೊದಲು ಅದನ್ನು ಕೆಳಗಿಳಿಸಿ. ಬಗ್ಗಿ ಕೂತು ಕೇಳಿ. ಬೇಡ ಎಂದರೆ ಸರಿ ಎನ್ನಿ, ಹೋಗಿ ನಿಮ್ಮ ಕಾಫಿಯನ್ನು ಬಿಸಿಯಿರುವಾಗಲೇ ಕುಡಿಯಿರಿ.