ಕೆಳಗೆ ನೋಡುವ ಕಣ್ಣು

ಉಪಗ್ರಹ ಕಛೇರಿಯ ಕಿರಿಯ ವಿಜ್ಞಾನಿಗೆ ಬೀದಿಯವರು ಬಿಸಿಲಪ್ಪ ಎಂದು ಹೆಸರಿಟ್ಟಿದ್ದರು. ಭೂಮಿಗೆ ಬೀಳುವ ಬಿಸಿಲೆಷ್ಟು, ಅದರಲ್ಲಿ ಭೂಮಿ ವಾಪಸು ಕಳಿಸುವುದೆಷ್ಟು ಎಂದು ಉಪಗ್ರಹ ಮೇಲಿನಿಂದ ಅಳೆಯುತ್ತಿತ್ತು. ಅದು ಹೇಳಿದ್ದು ನಿಜವೇ ಎಂದು ಬಿಸಿಲಪ್ಪ ತನ್ನ ಬಾಡಿಗೆ ಮನೆಯ ತಾರಸಿಯಲ್ಲಿ ಅಳೆದು ನೋಡಬೇಕು. ಅದಕ್ಕೊಂದು ಯಂತ್ರ. ಅದರ ಒಂದು ಗಾಜಿನ ಕಣ್ಣು ಆಕಾಶ ನೋಡುತ್ತಿತ್ತು, ಇನ್ನೊಂದು ನೆಲ ನೋಡುತ್ತಿತ್ತು. ರಗಳೆ ಶುರುವಾದದ್ದು ಈ ಎರಡನೆಯ ಕಣ್ಣಿನಿಂದ.

ಎರಡು ವಾರದಿಂದ ಉಪಗ್ರಹದ ಅಂಕಿಗೂ ತಾರಸಿಯ ಅಂಕಿಗೂ ಎಣ್ಣೆ ಸೀಗೇಕಾಯಿ. ಇವತ್ತೂ ಹೊಂದದಿದ್ದರೆ ಮರಳುಗಾಡಿನ ಅಳತೆ ಕೇಂದ್ರಕ್ಕೆ ವರ್ಗ ಎಂದು ಮೇಲಧಿಕಾರಿ ಹೇಳಿಬಿಟ್ಟಿದ್ದರು. ಹೆಂಡತಿಗೆ ಹೋದ ತಿಂಗಳಷ್ಟೇ ಪಕ್ಕದ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಪಾಪ, ಬಿಸಿಲಪ್ಪ ಬೆಳಿಗ್ಗೆಯಿಂದ ನೀರೂ ಕುಡಿಯದೆ ಯಂತ್ರಕ್ಕೆ ಕಾವಲು ಕೂತಿದ್ದ. ಉಪಗ್ರಹ ಹಾದುಹೋಗುವುದು ಹನ್ನೊಂದೂವರೆಗೆ.

ಹನ್ನೊಂದಕ್ಕೆ ಮೇಲಂತಸ್ತಿನ ನಿವೃತ್ತ ಟೀಚರಮ್ಮ ಏದುಸಿರು ಬಿಡುತ್ತ ಬಂದರು.

"ಈ ಕೆಳಗಿನ ಕಣ್ಣು ಏನನ್ನ ನೋಡ್ತಿದೆಯಪ್ಪಾ?"

"ನೆಲಾನಮ್ಮ."

"ಆ ನೆಲದ ಕೆಳಗೆ ನಮ್ಮ ಬಚ್ಚಲುಮನೆ ಇದೆ."

ಅದು ತಾರಸಿ ತೂರಿ ನೋಡುವುದಿಲ್ಲ, ನೆಲದಿಂದ ವಾಪಸು ಬರುವ ಬಿಸಿಲನ್ನು, ಕಣ್ಣಿಗೆ ಕಾಣದ ಕಿರಣಗಳನ್ನೂ ಸೇರಿಸಿ, ಹಿಡಿಯುತ್ತದೆ ಅಷ್ಟೇ ಎಂದು ಬಿಸಿಲಪ್ಪ ವಿವರಿಸಿದ. ಕಣ್ಣಿಗೆ ಕಾಣದ್ದನ್ನೂ ಹಿಡಿಯುತ್ತದೆ ಎಂದು ಕೇಳಿದ ಮೇಲಂತೂ ಟೀಚರಮ್ಮ ನಿಲ್ಲಲಿಲ್ಲ. ಕೆಳಗಿಳಿದು ಮಂಚದ ಬಿಳಿ ಹೊದಿಕೆ ತಂದು ಯಂತ್ರದಡಿ ಹಾಸಿ, ನಾಲ್ಕು ಮೂಲೆಗೂ ಇಟ್ಟಿಗೆ ಹೇರಿದರು. ಬಿಸಿಲಪ್ಪ ಇಟ್ಟಿಗೆ ತೆಗೆದ, ಅವರು ಮತ್ತೆ ಇಟ್ಟರು. ಗಲಾಟೆ ಕೇಳಿ ಮನೆ ಮಾಲೀಕ ಪಂಚಾಯಿತಿಗೆ ಬಂದ. ಮಾಲೀಕನ ಬಚ್ಚಲುಮನೆಯೂ ಅದೇ ಸಾಲಿನಲ್ಲಿತ್ತು, ಹಾಗಾಗಿ ನ್ಯಾಯ ಟೀಚರಮ್ಮನ ಕಡೆಗೇ ವಾಲಿತು. ಇವರ ವಾದ ಮುಗಿಯುವಷ್ಟರಲ್ಲಿ, ಹೊದಿಕೆ ಹಾಸಿದ್ದಂತೆಯೇ, ಉಪಗ್ರಹ ಬಂದು ಹೋಗಿಯೂ ಆಗಿತ್ತು.

ಬಿಸಿಲಪ್ಪ ಕಣ್ಣು ಮುಚ್ಚಿಕೊಂಡು, ಬಂದ ಅಂಕಿಯನ್ನೇ ಕಳಿಸಿದ. ಅರ್ಧ ಗಂಟೆಯಲ್ಲಿ ಮೇಲಧಿಕಾರಿಯ ಫೋನು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲವಂತೆ.

ಬಿಸಿಲಪ್ಪ ಸುತ್ತ ಕಣ್ಣಾಡಿಸಿದ. ಊರಿನ ತಾರಸಿಗಳಿಗೆಲ್ಲ ಬಿಳಿ ಬಣ್ಣ, ಇದೊಂದಕ್ಕೆ ಮಾತ್ರ ಕಪ್ಪು ಡಾಂಬರು. ಉಪಗ್ರಹ ಇಡೀ ಊರನ್ನು ನೋಡುತ್ತಿದ್ದಾಗ ತಾನು ಡಾಂಬರನ್ನು ಅಳೆಯುತ್ತಿದ್ದೆ ಎಂಬುದು ಈಗ ತಲೆಗೆ ಹೊಳೆಯಿತು. ಟೀಚರಮ್ಮನ ಕಾಲಿಗೆ ಬೀಳಬೇಕೆನ್ನುವಷ್ಟು ಸಂತೋಷವಾಯಿತು.

ಮೇಲಧಿಕಾರಿಯ ಮಾತು ಮಾತ್ರ ಮುಗಿದಿರಲಿಲ್ಲ. "ಮರಳುಗಾಡಲ್ಲಿ ಎರಡು ವರ್ಷದಿಂದ ಅಂಕಿ ಹೊಂದ್ತಾನೇ ಇಲ್ಲ ಕಣ್ರೀ. ನಿಮ್ಮಂಥ ಕೈ ಅಲ್ಲಿಗೆ ಬೇಕು. ಸೋಮವಾರ ಹೊರಡಿ."

ಸಂಜೆ ಶಾಲೆಯಿಂದ ಬಂದ ಹೆಂಡತಿ ಚಪ್ಪಲಿ ಬಿಡುವ ಮೊದಲೇ ಕೇಳಿದಳು, "ಏನಾಯ್ತುರೀ, ಅಂಕಿ ಹೊಂದ್ತಾ?"

"ಪೂರ್ತಿ ಹೊಂದ್ತು ಕಣೇ," ಎಂದ ಬಿಸಿಲಪ್ಪ. "ಪೆಟ್ಟಿಗೆ ಕಟ್ಟು."