ಬಂಗುಡೆ ಗಸಿಯ ಬುಡದ ಕೊಂಡಿಗಳು

ಬಂಗುಡೆ ಗಸಿಯ ಬುಡದಲ್ಲಿದ್ದ ಮೂರು ಸಣ್ಣ ಕೊಂಡಿಗಳಿಂದಾಗಿ ಹಿತೇಶನ ಒಂದು ಇಡೀ ಶನಿವಾರ ಹಾಳಾಯಿತು.

ಗಸಿ ಎಂಬ ಈ ಮೀನುಸಾರು ಪಾತ್ರೆಯಲ್ಲಿದ್ದದ್ದಲ್ಲ, ವೆಬ್‌ಸೈಟಿನಲ್ಲಿದ್ದದ್ದು. ಉರ್ವದ ನಾಲ್ಕೈದು ಮಂದಿ ಬಳಗವಾಗಿ ಸೇರಿ ಎರಡು ವರ್ಷದಿಂದ ಕರಾವಳಿಯ ಅಡುಗೆಗಳ ಒಂದು ವಿಕಿ ಕಟ್ಟುತ್ತಿದ್ದರು. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಪ್ರತಿ ಪುಟದ ಕೊನೆಗೆ ಆ ಅಡುಗೆ ಯಾವ ವರ್ಗದ್ದೆಂದು ಹೇಳುವ ಕೊಂಡಿಗಳು: ‘ಮೀನು’, ‘ಗಸಿ’, ‘ಮಧ್ಯಾಹ್ನದ ಊಟ’. ಒತ್ತಿದರೆ ಆ ವರ್ಗದ ಅಡುಗೆಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ. ಆದರೆ ಒತ್ತಬೇಕಾದರೆ ಮೊದಲು ಅವು ಕಣ್ಣಿಗೆ ಕಾಣಬೇಕಲ್ಲ!

ಬೆಳಿಗ್ಗೆ ಏಳಕ್ಕೇ ಬಳಗದ ಅಧ್ಯಕ್ಷೆ ದೇಯಿ ಟೀಚರ್ ಫೋನು ಮಾಡಿದರು.

“ಹಿತೇಶಾ, ಆ ಕೆಳಗಿನ ಲಿಂಕ್ ಎಂತ ಮಾರಾಯ, ಬೆಲ್ಲದ ಡಬ್ಬಿ ಹುಡುಕಿಕೊಂಡು ಹೊರಟ ಇರುವೆಗಳ ಹಾಗೆ ಉಂಟು! ಸಂಜೆ ನಾಲ್ಕಕ್ಕೆ ಉದ್ಘಾಟನೆ. ಅಷ್ಟರೊಳಗೆ ಸ್ವಲ್ಪ ಚಂದ ಮಾಡು. ಚಂದ ಆದ್ರೆ ಸಭೆಯಲ್ಲಿ ನಿನ್ನನ್ನೇ ತಾಂತ್ರಿಕ ಮುಖ್ಯಸ್ಥ ಅಂತ ಹೇಳ್ತೇನೆ.”

ಕೊಡಿಯಾಲ್‌ಬೈಲಿನ ಪ್ರಿಂಟಿಂಗ್ ಪ್ರೆಸ್ಸೊಂದರ ಕೌಂಟರಿನಲ್ಲಿ ಹನ್ನೊಂದು ವರ್ಷ ಕೂತರೂ ಹಿತೇಶನಿಗೆ ಯಾವ ಮುಖ್ಯಸ್ಥನ ಪಟ್ಟವೂ ಸಿಕ್ಕಿರಲಿಲ್ಲ. ಅವನು ತಕ್ಷಣ ಲ್ಯಾಪ್‌ಟಾಪ್ ಬಿಡಿಸಿ ಕೂತ.

“ಒಂದು ಗಂಟೆಗೆ ಕಾವೂರಿಗೆ ಹೋಗ್ಲಿಕ್ಕುಂಟು, ನೆನಪುಂಟಲ್ಲ?” ಎಂದಳು ಹೆಂಡತಿ ದೀಕ್ಷಿತಾ. “ಅಮ್ಮ ನಿಮಗಂತಲೇ ಕೋರಿ ರೊಟ್ಟಿ ಮಾಡ್ತಿದ್ದಾರೆ.”

“ಇದು ಹತ್ತು ನಿಮಿಷದ ಕೆಲಸ.”

ಹತ್ತು ನಿಮಿಷದ್ದೇ ಕೆಲಸ. ವೀಡಿಯೊ ನೋಡಿ ಕಲಿತಿದ್ದ ನಾಲ್ಕು ಸಾಲನ್ನು, ವಿಕಿಯ ಬಣ್ಣ, ಆಕಾರಗಳನ್ನು ನಿರ್ಧರಿಸುವ ಶೈಲಿಪುಟದಲ್ಲಿ ಬರೆದು ಉಳಿಸಿದ. ಕೊಂಡಿಗಳು ದಪ್ಪವಾಗಿ, ಅರಸಿನ ಬಣ್ಣದ ಚೌಕದೊಳಗೆ, ಮದುಮಕ್ಕಳ ಹಾಗೆ ಕೂತವು. ಹಿತೇಶನಿಗೆ ತನ್ನ ಮೇಲೇ ಪ್ರೀತಿ ಉಕ್ಕಿತು. ಅದೇ ಉಮೇದಿನಲ್ಲಿ ಬಳಗದ ವಾಟ್ಸಾಪ್ ಗುಂಪಿಗೆ ಬರೆದ: ‘ವರ್ಗದ ಕೊಂಡಿಗಳಿಗೆ ಹಳದಿ ಬಣ್ಣ ಕೊಟ್ಟಿದ್ದೇನೆ. ನೋಡಿ, ಅಭಿಪ್ರಾಯ ತಿಳಿಸಿ.’

ಆ ಕೊನೆಯ ಎರಡು ಪದ ಬರೆಯಬಾರದಿತ್ತು.

ಮೊದಲು ಫೋನು ಮಾಡಿದವರು ನಿವೃತ್ತ ಪೋಸ್ಟ್ ಮಾಸ್ಟರ್ ನೋಣಯ್ಯ. “ಹಳದಿ ಕಣ್ಣಿಗೆ ಚುಚ್ಚುತ್ತದೆ. ನಾನು ಕೂಲಿಂಗ್ ಗ್ಲಾಸ್ ಹಾಕಿಕೊಂಡು ನೋಡ್ಬೇಕಾಯ್ತು. ಹಸಿರು ಮಾಡು.”

ಹಸಿರು ಮಾಡಿ, ಗುಂಪಿನಲ್ಲಿ ಹೇಳಿದ. ಬಿರಿಯಾನಿ, ಪತ್ತಿರಿಗಳ ಪುಟಗಳನ್ನೆಲ್ಲ ಬರೆದ ರಾಹಿಲಾಳ ಧ್ವನಿಸಂದೇಶ ಬಂತು. “ಹಿತೇಶಣ್ಣಾ, ನನ್ನ ಬಿರಿಯಾನಿ ಪಾಚಿ ಹಿಡಿದ ಹಾಗೆ ಕಾಣ್ತದೆ! ಗುಲಾಬಿ ಆದ್ರೆ ಆಗ್ತದಾ?”

ಗುಲಾಬಿಯೂ ಆಯಿತು. ಸುಮ್ಮನಿರಲಾರದೆ ಹಿತೇಶ ಅದಕ್ಕೊಂದು ನೆರಳನ್ನೂ ಕೊಟ್ಟು, ಅದನ್ನೂ ಗುಂಪಿನಲ್ಲಿ ಸಾರಿದ. ಅರ್ಧ ಗಂಟೆಯಲ್ಲಿ ಮನೆಯೆದುರು ಸ್ಕೂಟರ್ ನಿಂತಿತು. ಬೇಕರಿಯ ಸೆವರಿನ್ ಹೆಲ್ಮೆಟ್ ಕೂಡ ತೆಗೆಯದೆ ಒಳಗೆ ಬಂದರು.

“ಎಂತ ಮಾಡಿ ಇಟ್ಟಿದ್ದೀಯ ನೀನು? ನನ್ನ ಹೆಂಡ್ತಿ ಒಲಿವಿಯಾ ನಿನ್ನ ನೆರಳು ನೋಡಿ ತಲೆ ತಿರುಗಿ ಮಲಗಿದ್ದಾಳೆ. ಅಕ್ಷರ ಎಲ್ಲ ಹಾರಿ ಬಂದು ಮುಖಕ್ಕೆ ಹೊಡಿತದಂತೆ!”

“ಅಯ್ಯೋ, ಡಾಕ್ಟರ್ ಹತ್ರ...”

“ಡಾಕ್ಟರ್ ಬೇಡ. ನೆರಳು ತೆಗಿ, ನೇರಳೆ ಮಾಡು.”

ಅಷ್ಟರಲ್ಲಿ ನೋಣಯ್ಯನವರ ಇನ್ನೊಂದು ಫೋನು. ಅವರು ಪರದೆಗೆ ಸ್ಕೇಲ್ ಇಟ್ಟು ಅಳೆದಿದ್ದರಂತೆ. ‘ಮೀನು’ ಎಂಬುದು ‘ಗಸಿ’ಗಿಂತ ಎರಡು ಮಿಲ್ಲಿಮೀಟರ್ ಮೇಲೆ ಉಂಟಂತೆ. “ಮೀನು ಗಸಿಯಿಂದ ಹೊರಗೆ ಹಾರುವುದು ಚಂದವಲ್ಲ” ಎಂದರು. ಸೆವರಿನ್ ಎದುರು ನಿಂತು, ತಮ್ಮ ಫೋನನ್ನೇ ನೋಡುತ್ತಾ “ಕೇಳ್ಬೇಡ, ಅದು ಕೆಳಗೆ ಉಂಟು” ಎಂದರು. ಇಬ್ಬರೂ ಸ್ಪೀಕರ್ ಫೋನಿನಲ್ಲಿ ಇಪ್ಪತ್ತು ನಿಮಿಷ ಜಗಳವಾಡಿದರು. ಹಿತೇಶ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಎಂದು ಮೀನನ್ನು ಸರಿಸಿ ಸರಿಸಿ ಬೆವರಿದ.

ಒಂದು ಗಂಟೆ ಕಳೆಯಿತು. ಎರಡೂ ಆಯಿತು. ದೀಕ್ಷಿತಾ ಒಬ್ಬಳೇ ಬಸ್ ಹತ್ತಿ ಕಾವೂರಿಗೆ ಹೋದವಳು, ಕೋರಿ ರೊಟ್ಟಿಯ ಫೋಟೋ ಕಳಿಸಿದಳು. ಅದರ ಕೆಳಗೆ ‘ಅಭಿಪ್ರಾಯ ತಿಳಿಸಿ’ ಎಂದು ಬರೆದಿದ್ದಳು. ಹಿತೇಶ ನಾಲ್ಕು ಬಿಸ್ಕತ್ತು ತಿಂದು ನೀರು ಕುಡಿದ.

ಮೂರೂವರೆಗೆ, ಹದಿನೇಳನೆಯ ಬಣ್ಣದಲ್ಲಿ, ಎಲ್ಲರೂ ಸುಸ್ತಾಗಿಯೋ ಏನೋ ಸುಮ್ಮನಾದರು. ತಿಳಿ ನೇರಳೆ, ನೆರಳಿಲ್ಲ, ಮೂಲೆ ದುಂಡಗೆ. ಹಿತೇಶ ಇಸ್ತ್ರಿ ಇಲ್ಲದ ಅಂಗಿ ಹಾಕಿಕೊಂಡು ಸಭಾಂಗಣಕ್ಕೆ ಓಡಿದ.

ಎಂಬತ್ತು ಮಂದಿ ಸೇರಿದ್ದರು. ದೇಯಿ ಟೀಚರ್ ತಮ್ಮದೇ ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಜೋಡಿಸಿ, ದೀಪ ಬೆಳಗಿಸಿ, ಬಂಗುಡೆ ಗಸಿಯ ಪುಟ ತೆರೆದರು. ಪುಟ ಮೆಲ್ಲನೆ ಕೆಳಗಿಳಿಯಿತು. ಸಾಮಗ್ರಿ, ಮಾಡುವ ಕ್ರಮ, ಕೊನೆಗೆ ಕೊಂಡಿಗಳು.

ಇರುವೆಗಳು! ಅದೇ ಹಳೆಯ, ಸಣ್ಣ, ನೀಲಿ ಇರುವೆಗಳು.

ಹಿತೇಶ ತನ್ನ ಫೋನು ತೆಗೆದು ನೋಡಿದ: ಅಲ್ಲಿ ಚಂದದ ನೇರಳೆ. ಆಗ ಅವನಿಗೆ ಹೊಳೆಯಿತು. ವಿಕಿಯಲ್ಲಿ ಶೈಲಿಪುಟ ಎರಡು ಬಗೆಯದು. ಒಂದು ಇಡೀ ಸೈಟಿನದು, ಎಲ್ಲರಿಗೂ ಅನ್ವಯಿಸುತ್ತದೆ. ಇನ್ನೊಂದು ಒಬ್ಬೊಬ್ಬ ಸದಸ್ಯನ ಸ್ವಂತದ್ದು. ಅದರಲ್ಲಿ ಏನು ಬರೆದರೂ ಅವನೊಬ್ಬನಿಗೇ ಕಾಣುತ್ತದೆ. ಬೆಳಗಿನಿಂದ ಹದಿನೇಳು ಬಣ್ಣಗಳನ್ನೂ ಅವನು ತನ್ನ ಸ್ವಂತದ ಪುಟದಲ್ಲೇ ಬಳಿದಿದ್ದ. ಹಳದಿ, ಹಸಿರು, ಹಾರುವ ನೆರಳು, ಯಾವುದನ್ನೂ ಈ ಭೂಮಿಯ ಮೇಲೆ ಬೇರೆ ಯಾರೂ ಕಂಡಿರಲೇ ಇಲ್ಲ!

“ಈಗ ಸರಿಯಾಯ್ತು!” ಎಂದು ಮೊದಲ ಸಾಲಿನಿಂದ ನೋಣಯ್ಯ ಕೂಗಿದರು. “ಮೀನು, ಗಸಿ, ಎಲ್ಲ ಒಂದೇ ಮಟ್ಟ!”

“ಕಣ್ಣಿಗೆ ಎಷ್ಟು ತಂಪು, ಅಲ್ವಾ?” ಎಂದಳು ರಾಹಿಲಾ.

“ಒಲಿವಿಯಾಳ ತಲೆಸುತ್ತು ನೋಡಿದ ಕೂಡಲೇ ಇಳಿಯಿತು” ಎಂದರು ಸೆವರಿನ್. ಪಕ್ಕದಲ್ಲಿ ಒಲಿವಿಯಾ ಹೌದೆಂದು ತಲೆಯಾಡಿಸಿದರು. ಸಭೆ ಚಪ್ಪಾಳೆ ತಟ್ಟಿತು.

ಹಿತೇಶ ತಡೆಯಲಾರದೆ ಎದ್ದು ನಿಂತ. “ಟೀಚರ್, ಸತ್ಯ ಹೇಳ್ತೇನೆ. ಇದಕ್ಕೆ ನಾನು ಎಂತದೂ ಮಾಡ್ಲಿಲ್ಲ.”

“ನೋಡಿ, ನೋಡಿ! ಎಷ್ಟು ವಿನಯ!” ಎಂದರು ದೇಯಿ ಟೀಚರ್. ಚಪ್ಪಾಳೆ ಇನ್ನೂ ಜೋರಾಯಿತು. ಅವನ ಹೆಗಲಿಗೆ ಶಾಲು ಬಿತ್ತು. ತಾಂತ್ರಿಕ ಮುಖ್ಯಸ್ಥನೆಂಬ ಘೋಷಣೆಯೂ ಆಯಿತು. “ನಮ್ಮ ಹಿತೇಶ ಊಟ ಬಿಟ್ಟು ಈ ಒಂದು ಪುಟ ಇಷ್ಟು ಚಂದ ಮಾಡಿದ್ದಾನೆ. ಉಳಿದದ್ದು ನಾನೂರ ಹನ್ನೆರಡು ಪುಟ. ಅವನ್ನೂ ಹೀಗೇ, ಇದೇ ಬಣ್ಣದಲ್ಲಿ, ಒಂದೊಂದಾಗಿ ಮಾಡ್ತಾನೆ. ನಾವೆಲ್ಲ ನೋಡಿ ನೋಡಿ ಹೇಳುವ.”

“ನಾನು ಸ್ಕೇಲ್ ತರ್ತೇನೆ” ಎಂದರು ನೋಣಯ್ಯ.

ಭಾನುವಾರ ಬೆಳಿಗ್ಗೆ ಹಿತೇಶ ಲ್ಯಾಪ್‌ಟಾಪ್ ಮುಟ್ಟಲೇ ಇಲ್ಲ. ಚಾ ಕುಡಿಯುತ್ತಾ ಗುಂಪಿಗೆ ಒಂದು ಸಾಲು ಬರೆದು ಹಾಕಿದ: ‘ನೀರುದೋಸೆಯ ಪುಟ ಮುಗಿಯಿತು.’ ಹೀಗೆ ದಿನಕ್ಕೆ ಇಪ್ಪತ್ತು ಬರೆದರೆ ಮೂರು ವಾರದಲ್ಲಿ ಬಿಡುಗಡೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ನಕ್ಕ.

ನಗು ಮುಗಿಯುವ ಮೊದಲೇ ಗೇಟಿನ ಹೊರಗೆ ಸ್ಕೂಟರ್ ನಿಂತ ಸದ್ದು ಕೇಳಿತು. ಸೆವರಿನ್ ಮುಂದೆ, ಸ್ಕೇಲ್ ಹಿಡಿದ ನೋಣಯ್ಯ ಹಿಂದೆ.

“ಹಿತೇಶಾ, ನಿನ್ನೆಯ ಹಾಗೆ ಬರ್ಲಿಲ್ಲ ಮಾರಾಯ” ಎಂದರು ನೋಣಯ್ಯ, ಚಪ್ಪಲಿ ಬಿಡುತ್ತಾ. “ದೋಸೆ ಸ್ವಲ್ಪ ಎಡಕ್ಕೆ ಹೋಗಿದೆ.”