ಹೊಟ್ಟೆ ತುಂಬಿದ ಕೌದಿ

ಕೂಸಿಗೆ ಉಡುಗೊರೆ ಕೊಡಲು ಹೋಗಿ ನಾನು ಪೇಚಿಗೆ ಸಿಕ್ಕದೆ ಮನೆಗೆ ಮರಳಿದ್ದು ಕಡಿಮೆ. ಯಾದಗಿರಿಯಿಂದ ಶಹಾಪುರದ ಮೇಲೆ ಸುರಪುರಕ್ಕೆ ಹೋಗುವ ಬಸ್ಸಿಗೆ ಕಂಡಕ್ಟರ್ ನಾನು. ಈ ದಾರಿಯುದ್ದಕ್ಕೂ ಪರಿಚಯದವರ ಮನೆಯಲ್ಲಿ ಕೂಸು ಹುಟ್ಟುತ್ತಲೇ ಇರುತ್ತದೆ, ನನ್ನ ಕೈಯೂ ಸುಮ್ಮನಿರುವುದಿಲ್ಲ.

ಗೆಜ್ಜೆ

ನಮ್ಮ ಬಸ್ಸಿನ ಡ್ರೈವರಣ್ಣನಿಗೆ ಮೊಮ್ಮಗ ಹುಟ್ಟಿದಾಗ ಬೆಳ್ಳಿಯ ಕಾಲ್ಗೆಜ್ಜೆ ಕೊಟ್ಟೆ. ಅಕ್ಕಸಾಲಿಗ ಎರಡೆರಡು ಗೆಜ್ಜೆ ಸಾಕೆಂದ. ನಾನು ಕೇಳದೆ ಸುತ್ತಲೂ ಕಟ್ಟಿಸಿದೆ. ವಾರ ಕಳೆಯುವಷ್ಟರಲ್ಲಿ ಡ್ರೈವರಣ್ಣನ ಕಣ್ಣುಗಳು ಕೆಂಪಾಗಿದ್ದವು.

"ಯಾಕಣ್ಣ, ಆರಾಮ ಇಲ್ಲೇನು?"

"ಕೂಸು ನಿದ್ದಿಯೊಳಗ ಕಾಲು ಝಾಡಸ್ತದವ್ವ. ಅದು ಮಲಗೇ ಇರ್ತದ, ಉಳಿದ ಮನಿಯೆಲ್ಲಾ ಎದ್ದು ಕೂಡ್ತದ."

"ಬಿಚ್ಚಿಡ್ರಿ ಮತ್ತ."

"ಬಿಚ್ಚಿದ್ರ ಅಳ್ತದ. ಸಪ್ಪಳ ರೂಢಿ ಆಗ್ಯಾದ."

ಆ ತಿಂಗಳು ಪೂರ್ತಿ ನಾನು ಟಿಕೆಟ್ ಕೊಟ್ಟು ಮುಗಿಸಿದವಳೇ ಎಂಜಿನ್ ಪಕ್ಕ ಹೋಗಿ ನಿಂತು, ಡ್ರೈವರಣ್ಣನಿಗೆ ತೂಕಡಿಕೆ ಬಾರದಂತೆ ಮಾತಾಡುತ್ತಾ ಹೋಗಬೇಕಾಯಿತು. ಪ್ರಯಾಣಿಕರೆಲ್ಲ ನನ್ನನ್ನು ವಾಚಾಳಿ ಅಂದರು. ಕಾಲು ಝಾಡಿಸಿದ ಕೂಸಿಗೆ ಯಾರೂ ಏನೂ ಅನ್ನಲಿಲ್ಲ.

ಬಸ್ಸಿನ ಫೈಸಲಾ

ನನ್ನ ತಮ್ಮನಿಗೆ ಮದುವೆಯಾಗಿ ಬಹಳ ವರ್ಷಗಳ ಮೇಲೆ ಹೆಣ್ಣು ಕೂಸು ಹುಟ್ಟಿತು. ಬಾಣಂತನ ಅವನ ಹೆಂಡತಿಯ ತವರಾದ ಸುರಪುರದಲ್ಲಿ. ಹೆಸರಿಡುವ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಆ ಕೂಸಿಗಿದ್ದ ಸೋದರತ್ತೆ ನಾನೊಬ್ಬಳೇ. ನಾನು ಹಿಗ್ಗುತ್ತಿರುವಾಗಲೇ ತಮ್ಮನ ಫೋನು ಬಂತು.

"ಅಕ್ಕಾ, ನಿನ್ನ ಗೆಜ್ಜಿ ಸುದ್ದಿ ಇಲ್ಲೀತನಕ ಬಂದದ. ‘ಕಂಡಕ್ಟರವ್ವ ಮತ್ತ ಗೆಜ್ಜಿ ತರೋದಾದ್ರ ಮೊದಲೇ ಹೇಳ್ರಿ, ನಾ ಕಿವಿಗಿ ಹತ್ತಿ ತೆಗೆದಿಡ್ತೀನಿ’ ಅಂತಾಳ ನಮ್ಮತ್ತಿ."

ನನಗೆ ಸಿಟ್ಟೂ ಬಂತು, ಹಠವೂ ಬಂತು. ಇಷ್ಟು ವರ್ಷ ಕಾದ ಮೇಲೆ ಬಂದ ಕೂಸು. ಕೊಡುವ ವಸ್ತು ಚಂದವಿರಬೇಕು, ಕೂಸಿಗೆ ಹಿತವಾಗಬೇಕು, ತಮ್ಮನ ಅತ್ತೆಯ ಬಾಯಿಯೂ ಮುಚ್ಚಬೇಕು. ಯಾದಗಿರಿಯ ಅಂಗಡಿಯವನೊಬ್ಬ ಮೂರು ಗಾಲಿಯ ಸೈಕಲ್ ಮುಂದಿಟ್ಟ. "ಕೂಸು ಇನ್ನೂ ಕತ್ತು ಎತ್ತಂಗಿಲ್ಲೋ ಮಾರಾಯ" ಅಂದೆ. "ಅದಕ್ಕ ಹಿಂದ ಒರಗೋ ಸೀಟು ಅದಲ್ರಿ" ಅಂದ.

ಮರುದಿನ ಯಾದಗಿರಿ ಬಿಟ್ಟ ಮೇಲೆ ಬಸ್ಸಿನವರನ್ನೇ ಕೇಳಿದೆ. ಒಬ್ಬರು ಬೆಳ್ಳಿ ಬಟ್ಟಲು ಅಂದರು, ಇನ್ನೊಬ್ಬರು ಉಡದಾರ ಅಂದರು. ಹಿಂದಿನ ಸೀಟಿನವರು ಅದಕ್ಕೆ ಒಪ್ಪಲಿಲ್ಲ. ವಾದ ಜೋರಾದಾಗ, ಬುಟ್ಟಿ ತೊಡೆಯ ಮೇಲಿಟ್ಟುಕೊಂಡಿದ್ದ ಅಜ್ಜಿಯೊಬ್ಬಳು ಬಾಯಿ ಬಿಟ್ಟಳು.

"ಕೂಸಿಗಿ ಬೇಕಾಗಿದ್ದು ಹಾಲು, ನಿದ್ದಿ. ಹಾಲು ಅವ್ವ ಕೊಡ್ತಾಳ, ನೀ ನಿದ್ದಿ ಕೊಡು. ಹಳೇ ಸೀರಿ ತಗೊಂಡು ಒಂದು ಕೌದಿ ಹೊಲಿ."

ಇಡೀ ಬಸ್ಸು ಹೌದೌದೆಂದಿತು. ಆಗಲೇ ಗೊತ್ತಾದದ್ದು, ದೋರನಹಳ್ಳಿ ಸ್ಟಾಪು ಹಿಂದೆ ಹೋಗಿದೆ. ಇಳಿಯಬೇಕಾದವರೂ ಮರೆತಿದ್ದರು, ಸೀಟಿ ಹೊಡೆಯಬೇಕಾದ ನಾನೂ ಮರೆತಿದ್ದೆ. ಶಹಾಪುರದಲ್ಲಿ ಅವರೆದುರು ಕೈ ಮುಗಿದೆ. ಒಬ್ಬ ಹಿರಿಯರು ನನ್ನನ್ನೇ ಸಮಾಧಾನ ಮಾಡಿದರು.

"ಇರಲಿ ಬಿಡವ್ವ. ಫೈಸಲಾ ಆಗೋದಕ್ಕ ಮೊದಲ ಇಳದಿದ್ರ ಮನ್ಯಾಗ ಏನಂತ ಹೇಳ್ತಿದ್ವಿ?"

ಮೂರು ಮೂಲೆ

ಒಗೆದೊಗೆದು ಮೆತ್ತಗಾಗಿದ್ದ ಅವ್ವನ ಸೀರೆಗಳನ್ನು ಪದರು ಪದರಾಗಿ ಹಾಸಿದೆವು. ನಡುವೆ ನನ್ನ ಹಳೆಯ ಖಾಕಿ ಅಂಗಿಯದೂ ಒಂದು ಚೌಕ ಸೇರಿಸಿದೆ. ಹೊಲಿಯಲು ನಾನು, ಅವ್ವ, ನಾವು ಖಾಲಾ ಎಂದು ಕರೆಯುವ ಪಕ್ಕದ ಮನೆಯ ಮುಸ್ಲಿಂ ಚಿಕ್ಕಮ್ಮ. ರಜೆ ಸಿಕ್ಕಾಗಲೆಲ್ಲ ಮೂವರೂ ಮೂರು ಕಡೆಯಿಂದ ಹೊಲಿದೆವು. ಮುಗಿದ ದಿನ ಬಿಡಿಸಿ ನೋಡಿದರೆ ಕಣ್ಣು ತುಂಬಿ ಬಂತು, ಅಷ್ಟು ಚಂದವಾಗಿತ್ತು.

ಕೌದಿಯ ಹೊಟ್ಟೆ ಹಸಿದಿರಬಾರದೆಂದು, ಮೂಲೆ ಮುಚ್ಚುವ ಮುನ್ನ ಒಳಗೆ ಹೋಳಿಗೆಯ ಚೂರು ಇಟ್ಟು ಹೊಲಿಯುವುದು ನಮ್ಮಲ್ಲಿ ಪದ್ಧತಿ. ಅದೂ ಆಯಿತು.

ಹೆಸರಿಡುವ ದಿನ ಅವ್ವನೊಡನೆ ಸುರಪುರಕ್ಕೆ ಹೋಗಿ, ಕೌದಿಯನ್ನು ಮಂಚದ ಮೇಲೆ ಹಾಸಿ, ಬಂದವರೆಲ್ಲ ನೋಡಲೆಂದು ಬದಿಗೆ ನಿಂತೆ. ತಮ್ಮನ ಅತ್ತೆ ಕೌದಿಯನ್ನು ನೋಡಲಿಲ್ಲ, ನೆಲ ನೋಡಿದಳು. ಹೊಸ್ತಿಲಿನಿಂದ ಮಂಚದ ಕಾಲಿನತನಕ ಇರುವೆಯ ಸಾಲು.

"ಊಟಕ್ಕ ಬೀಗರಕಿಂತ ಮೊದಲ ಇವು ಬಂದಾವ ನೋಡ್ರಿ" ಅಂದವಳೇ ಕೌದಿ ಕೊಡವಿ, ಮೂಲೆಗಳನ್ನು ಹಿಚುಕಿ ನೋಡಿದಳು. ಸೂಜಿಯಿಂದ ಒಂದು ಮೂಲೆ ಬಿಚ್ಚಿದಳು, ಹೋಳಿಗೆ ಬಂತು. ಅವ್ವ ತಲೆ ತಗ್ಗಿಸಿದಳು. ಎರಡನೆಯದರಲ್ಲಿ ಬೆಲ್ಲ. ಅದು ನನ್ನದು, ಅವ್ವ ಮರೆತಾಳೆಂದು ಇಟ್ಟದ್ದು. ಮೂರನೆಯದರಲ್ಲಿ ಖರ್ಜೂರ. ನಮ್ಮಿಬ್ಬರನ್ನೂ ನಂಬದ ಖಾಲಾಳ ಕೆಲಸವೆಂದು ಕೂಡಲೇ ತಿಳಿಯಿತು.

"ಹೊಟ್ಟಿ ಹಸಿಬಾರ್ದು ಅಂತಾರ, ಖರೆ. ಇದಕ್ಕ ಅಜೀರ್ಣ ಮಾಡ್ಯಾರಲ್ಲ."

ಹೆಂಗಸರೆಲ್ಲ ನಕ್ಕರು. ನನಗೆ ಅಳುವೊಂದು ಬಾಕಿ. ಈ ಸಲ ಸುರಪುರದಿಂದ ಯಾದಗಿರಿತನಕ ಕೌದಿಯ ಸುದ್ದಿ ಓಡುತ್ತದೆ ಅಂದುಕೊಂಡೆ.

ಕೂಸು ಬೆಳಗಿನಿಂದ ಒಂದೇ ಸಮ ಅಳುತ್ತಿತ್ತು. ಎತ್ತಿ ಎತ್ತಿ ಸೋತಿದ್ದ ತಮ್ಮನ ಹೆಂಡತಿ ಯಾರನ್ನೂ ಕೇಳದೆ, ಕೊಡವಿಟ್ಟ ಕೌದಿಯನ್ನು ತೊಟ್ಟಿಲಲ್ಲಿ ಹಾಸಿ ಕೂಸನ್ನು ಮಲಗಿಸಿದಳು. ಖಾಕಿ ಚೌಕಕ್ಕೆ ಗಲ್ಲ ಒತ್ತಿ, ಒಮ್ಮೆ ಬಿಕ್ಕಿ, ಕೂಸು ನಿದ್ದೆ ಹೋಯಿತು. ನಾನು ಬಗ್ಗಿ ಕಿವಿಯಲ್ಲಿ ಹೆಸರು ಹೇಳಿದೆ. ವಾಡಿಕೆಯಂತೆ ಹೆಂಗಸರೆಲ್ಲ ಸೋದರತ್ತೆಯ ಬೆನ್ನಿಗೆ ದಬದಬ ಗುದ್ದಿದರು. ಕೂಸು ಕಣ್ಣು ಬಿಡಲಿಲ್ಲ.

"ಅಕ್ಕಾ, ಹುಟ್ಟಿದಾಗಿಂದ ಹಿಂಗ ಮಲಗಿದ್ದಿಲ್ಲ" ಅಂದಳು ತಮ್ಮನ ಹೆಂಡತಿ. ಬೆನ್ನು ಉರಿಯುತ್ತಿತ್ತು, ನನ್ನ ಖುಷಿಗೆ ಅಳತೆಯಿರಲಿಲ್ಲ.

ಎಲ್ಲರೂ ಊಟಕ್ಕೆ ಎದ್ದರು. ತಮ್ಮನ ಅತ್ತೆ ಮಾತ್ರ ಸೂಜಿ ದಾರ ಹಿಡಿದು ತೊಟ್ಟಿಲ ಬಳಿ ಬಂದಳು. ಕೌದಿಯ ಬಿಚ್ಚಿದ ಮೂಲೆಗಳು ಹೊರಗೆ ಜೋತಿದ್ದವು. ಒಂದರಲ್ಲಿ ಹೋಳಿಗೆಯ ಚೂರನ್ನೇ ತಿರುಗಿ ಇಟ್ಟಳು. ಉಳಿದೆರಡಕ್ಕೆ ತುಂಬಲು ಸೆರಗಿನ ಗಂಟು ಬಿಚ್ಚಿ ಹತ್ತಿ ತೆಗೆದಳು. ಕಿವಿಗೆಂದು ಖರೆಯೇ ತೆಗೆದಿಟ್ಟಿದ್ದಳು ಪುಣ್ಯಾತಗಿತ್ತಿ. ಮೂರೂ ಮೂಲೆ ಹೊಲಿದು, ದಾರ ಕಚ್ಚಿ ಹರಿದು, ನನ್ನ ಕಡೆ ನೋಡಿದಳು. ನನ್ನ ಉಡುಗೊರೆಗೆ ಪಾಲುದಾರರು ಹುಟ್ಟಿದ್ದು ಅದೇ ಮೊದಲು.

"ಈಗ ಇದರಾಗ ನಂದೂ ಪಾಲು ಅದ. ಯಾರಾರ ಕೇಳಿದ್ರ ಇಬ್ಬರೂ ಕೂಡಿ ಹೊಲಿದೀವಿ ಅನ್ನು. ಇರುವಿ ಸುದ್ದಿ ತೆಗೆದ್ರ, ಅದು ನಿನ್ನೊಬ್ಬಾಕಿದು."